ಡೌನ್‌ಹಿಲ್ ಫ್ರೇಮ್ ತಗೊಳ್ಳೋ ಮುಂಚೆ ಟೇಪ್ ಹಿಡೀರಿ

ನಮ್ಮ ಸೈಕಲ್ ಅಂಗಡಿಗೆ ಬರೋ ಹುಡುಗರು ಡೌನ್‌ಹಿಲ್ ಫ್ರೇಮಿನ, ಅಂದರೆ ಗುಡ್ಡ ಇಳಿಯೋಕಂತಲೇ ಮಾಡಿದ ಸೈಕಲ್ಲಿನ ಚೌಕಟ್ಟಿನ, ಫೋಟೋ ಮೊಬೈಲಲ್ಲಿ ತೋರಿಸಿ "ಅಣ್ಣ, ಇದು ಹೆಂಗಿದೆ?" ಅಂತ ಕೇಳ್ತಾರೆ. ಬಣ್ಣ ಚೆನ್ನಾಗೇ ಇರುತ್ತೆ. ನಾನು ತಿರುಗಿ ಕೇಳೋದು ಎರಡೇ ಮಾತು. ಸೈಕಲ್ ಗುಡ್ಡದ ಮೇಲಕ್ಕೆ ಹೋಗೋದು ಹೆಂಗೆ? ಈಗಿರೋ ಸೈಕಲ್ಲಿನ ಯಾವ ಸಾಮಾನು ಹೊಸ ಫ್ರೇಮಿಗೆ ಹಾಕಬೇಕು?

ಮೊದಲನೇದು ತಮಾಷೆಯ ಪ್ರಶ್ನೆ ಅಲ್ಲ. ಕೆನಡಾದ ವಿಸ್ಲರ್‌ನಲ್ಲಿ ಲಿಫ್ಟ್ ಇದೆ, ಸೈಕಲ್ ನೇತುಹಾಕಿ ಕೂತರೆ ಮೇಲೆ ಬಿಡುತ್ತೆ. ನಮ್ಮ ಬೆಂಗಳೂರಿನ ತುರಹಳ್ಳಿಯಲ್ಲಿ ತಳ್ಳಬೇಕು. 200 ಮಿ.ಮೀ. ಟ್ರಾವೆಲ್ (ಪೆಟ್ಟು ಬಿದ್ದಾಗ ಚಕ್ರ ಮೇಲಕ್ಕೆ ಸರಿಯೋ ದೂರ) ಇರೋ ಡೌನ್‌ಹಿಲ್ ಸೈಕಲ್ 16-17 ಕೆಜಿ ತೂಗುತ್ತೆ, ಏರು ತುಳಿಯೋಕೆ ಮಾಡಿದ್ದೇ ಅಲ್ಲ. ಸಕಲೇಶಪುರದ ಕಡೆ ಪರಿಚಯದವರ ಎಸ್ಟೇಟು, ಮೇಲಕ್ಕೆ ಬಿಡೋಕೆ ಒಂದು ಬೊಲೆರೋ ಪಿಕಪ್ಪು ಇದ್ದರೆ ಧಾರಾಳವಾಗಿ ತಗೊಳ್ಳಿ. ಇಲ್ಲದಿದ್ದರೆ 160-170 ಮಿ.ಮೀ. ಟ್ರಾವೆಲ್ಲಿನ, ಏರೂ ತುಳಿಯಬಹುದಾದ ಎಂಡ್ಯೂರೋ ಫ್ರೇಮ್ ನೋಡಿ. ಬೆಂಗಳೂರಿನ ಸುತ್ತಮುತ್ತ ಅದಕ್ಕೇ ಇನ್ನೂ ಇಳಿಜಾರು ಸಾಲದು.

ಡೌನ್‌ಹಿಲ್ಲೇ ಅಂತ ತೀರ್ಮಾನ ಆಗಿದ್ದರೆ, ಸೈಜಿಗೆ ಬರೋಣ. ಸ್ಮಾಲ್, ಮೀಡಿಯಂ, ಲಾರ್ಜ್ ಅನ್ನೋ ಅಕ್ಷರ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರುತ್ತೆ. ಇಳಿಯುವಾಗ ಪೂರ್ತಿ ನಿಂತೇ ಇರ್ತೀರ, ಹಾಗಾಗಿ ಸೀಟ್ ಟ್ಯೂಬ್ ಉದ್ದ ಲೆಕ್ಕಕ್ಕಿಲ್ಲ. ನೋಡಬೇಕಾದ್ದು ರೀಚ್, ಅಂದರೆ ಪೆಡಲ್ ಅಚ್ಚು ಕೂರೋ ಬಾಟಮ್ ಬ್ರಾಕೆಟ್ಟಿನಿಂದ ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗೆ ಫೋರ್ಕ್ ತೂರೋ ಕೊಳವೆ) ತಲೆಯವರೆಗಿನ ಅಡ್ಡ ದೂರ. ಈಗ ಓಡಿಸ್ತಿರೋ ಸೈಕಲ್ಲಿನ ರೀಚ್ ಮನೆಯಲ್ಲೇ ಅಳೀಬಹುದು. ಸಮತಟ್ಟಾದ ನೆಲದಲ್ಲಿ ಮುಂದಿನ ಚಕ್ರ ಗೋಡೆಗೆ ತಾಗಿಸಿ ನಿಲ್ಲಿಸಿ. ಗೋಡೆಯಿಂದ ಬಾಟಮ್ ಬ್ರಾಕೆಟ್ ನಡುವಿಗೆ ಎಷ್ಟು, ಗೋಡೆಯಿಂದ ಹೆಡ್ ಟ್ಯೂಬಿನ ಮೇಲ್ತುದಿಯ ನಡುವಿಗೆ ಎಷ್ಟು ಅಂತ ಅಳೆದು, ಮೊದಲನೆಯದರಿಂದ ಎರಡನೆಯದನ್ನು ಕಳೀರಿ. ಟೇಪ್ ನೆಲಕ್ಕೆ ಸಮನಾಗಿ ಇರಲಿ. ಬಂದ ಸಂಖ್ಯೆ ಹಿಡ್ಕೊಂಡು ಕಂಪನಿಯ ಅಳತೆ ಚಾರ್ಟ್ ನೋಡಿ. ಐದಡಿ ಎಂಟಿಂಚು ಎತ್ತರದ ನನಗೆ 450-460 ಮಿ.ಮೀ. ಸರಿಹೋಗುತ್ತೆ. ಕಾಫಿ ಗಿಡದ ಸಾಲಿನ ಮಧ್ಯೆ ಗಕ್ಕನೆ ತಿರುಗೋ ದಾರಿಯಲ್ಲಿ ಅದಕ್ಕಿಂತ ಉದ್ದದ ಫ್ರೇಮ್ ಎಳೆದಾಡಬೇಕು. ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬ್ ನೆಲಕ್ಕೆ ವಾಲಿರೋ ಕೋನ, 62-63 ಡಿಗ್ರಿ ಇರುತ್ತೆ; ವೇಗದಲ್ಲಿ ಗಟ್ಟಿ, ನಿಧಾನಕ್ಕೆ ಹೋದಾಗ ಮುಂದಿನ ಚಕ್ರ ಆಚೀಚೆ ಹೊರಳುತ್ತೆ. ಒಂದೆರಡು ಸಲ ಓಡಿಸಿದರೆ ಒಗ್ಗುತ್ತೆ.

ಚಕ್ರದ ಜಗಳ ಬೇಗ ಮುಗಿಸೋಣ. 2017ರಲ್ಲಿ ಲೂರ್ದ್‌ನ ವರ್ಲ್ಡ್ ಕಪ್ಪಿಗೆ ಸಾಂಟಾ ಕ್ರೂಜ್ ತಂಡ 29 ಇಂಚಿನ ಚಕ್ರದ ವಿ10 ಸೈಕಲ್ ತಂದಾಗ ಎಲ್ಲರೂ ಹುಬ್ಬೇರಿಸಿದ್ದರು. ಈಗ ಮುಂದೆ 29, ಹಿಂದೆ 27.5 ಹಾಕೋರೇ ಜಾಸ್ತಿ. ಕುಳ್ಳಗಿದ್ದವರಿಗೆ ಅದೇ ವಾಸಿ, ಕಡಿದಾದ ಇಳಿಜಾರಲ್ಲಿ ಹಿಂದಿನ ಟೈರು ಕುಂಡಿಗೆ ಉಜ್ಜಲ್ಲ. ಆದರೆ ಎರಡೂ ಕಡೆ 29ಕ್ಕೆ ಮಾಡಿದ ಫ್ರೇಮಿಗೆ ಸುಮ್ಮನೆ ಹಿಂದೆ 27.5 ತುರುಕಬೇಡಿ. ಪೆಡಲ್ ಕೆಳಗಿಳಿದು ಕಲ್ಲಿಗೆ ಬಡಿಯುತ್ತೆ.

ನಿಜವಾಗಿ ದುಡ್ಡು ಸೋರೋದು ಜೋಡಣೆಯಲ್ಲಿ. ಹಿಂದಿನ ಹಬ್, ಅಂದರೆ ಚಕ್ರದ ನಡುವಿನ ಭಾಗ, 148 ಮಿ.ಮೀ. ಅಗಲದ್ದೋ 157ರದ್ದೋ? ಹಳೇ ಫ್ರೇಮಾದರೆ 150 ಇರುತ್ತೆ. ಬಾಟಮ್ ಬ್ರಾಕೆಟ್ ಅಗಲ 73ಓ 83ಓ? 83 ಆದರೆ ನಿಮ್ಮ ಹಳೇ ಕ್ರ್ಯಾಂಕಿನ ಅಚ್ಚು ಸಾಲಲ್ಲ. ಹಿಂದಿನ ಶಾಕ್ (ಅಳತೆ ಅಂದರೆ ಉದ್ದ ಇಂಟು ಸ್ಟ್ರೋಕ್, ಅದು ಕುಗ್ಗೋ ದೂರ) 250 ಇಂಟು 75ಓ, ಪಕ್ಕದಿಂದ ಬೋಲ್ಟ್ ಹಾಕೋ 225 ಇಂಟು 75ರ ಟ್ರನಿಯನ್ನೋ, ಹಳೇ ಕಾಲದ 241 ಇಂಟು 76ಓ? ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಬಾಕ್ಸರ್, ಫಾಕ್ಸ್ 40 ತರದ ಡಬಲ್ ಕ್ರೌನ್ ಫೋರ್ಕ್ (ಹೆಡ್ ಟ್ಯೂಬಿನ ಮೇಲೂ ಕೆಳಗೂ ಹಿಡಿಯೋದು) ಕೈಯಲ್ಲಿದ್ದರೆ, ಎರಡು ಕ್ರೌನ್ ನಡುವೆ ಹೆಡ್ ಟ್ಯೂಬೂ ಅದರ ಬೇರಿಂಗಿನ ಹೆಡ್‌ಸೆಟ್ಟೂ ಕೂರೋಕೆ ಜಾಗ ಇದೆಯಾ ಅಂತ ಫೋರ್ಕ್ ಕೈಪಿಡಿ ನೋಡಿ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟು, ಫ್ರೇಮ್ ಜೊತೆ ತಾಳೆ ನೋಡಿದ ಮೇಲೇ ದುಡ್ಡು ಕಳಿಸಿ.

ಇನ್ನೊಂದು ಸಣ್ಣ ಭಾಗಾಕಾರ. ಹಿಂದಿನ ಟ್ರಾವೆಲ್ಲನ್ನು ಶಾಕ್ ಸ್ಟ್ರೋಕಿನಿಂದ ಭಾಗಿಸಿ. 200ಕ್ಕೆ 75 ಆದರೆ ಸುಮಾರು 2.67, 70 ಆದರೆ 2.86. ಈ ಸಂಖ್ಯೆ ಏರಿದಷ್ಟೂ ಗಟ್ಟಿ ಸ್ಪ್ರಿಂಗ್ ಬೇಕು. ತೊಂಬತ್ತು ಕೆಜಿ ದಾಟಿದವರು ಕಡಿಮೆ ಇರೋದನ್ನೇ ಆರಿಸಿ, ಇಲ್ಲದಿದ್ದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಹುಡುಕೋದೇ ಕಷ್ಟ. ಹಿಂದಿನ ತೋಳು ತಿರುಗೋ ಪಿವಟ್ಟನ್ನು ಎತ್ತರದಲ್ಲಿಟ್ಟು, ಚೈನ್ ಹಾದುಹೋಗೋಕೆ ಐಡ್ಲರ್ ಗಾಲಿ ಕೊಟ್ಟ ಫ್ರೇಮುಗಳು ಕಲ್ಲಿನ ಮೇಲೆ ಬೆಣ್ಣೆ. ಆದರೆ ಮಳೆಗಾಲದ ಕೆಮ್ಮಣ್ಣು ಆ ಗಾಲಿಗೆ ಹೊಕ್ಕರೆ ದಾರಿಯುದ್ದಕ್ಕೂ ಗರಗರ.

ಕಾರ್ಬನ್ ಫೈಬರ್ ಫ್ರೇಮೇ ಬೇಕು ಅನ್ನೋರಿಗೆ ಒಂದು ಮಾತು. ಫ್ರಾನ್ಸಿನ ರೇಸರ್ ಅಮೊರಿ ಪಿಯೆರಾನ್ 2018ರಲ್ಲೂ 2022ರಲ್ಲೂ ಡೌನ್‌ಹಿಲ್ ವರ್ಲ್ಡ್ ಕಪ್ ಒಟ್ಟಾರೆ ಪ್ರಶಸ್ತಿ ಗೆದ್ದದ್ದು ಕಮೆನ್ಸಾಲ್‌ನ ಅಲ್ಯುಮಿನಿಯಂ ಫ್ರೇಮಿನ ಮೇಲೆ. ನಮಗೆ ಅಲ್ಯುಮಿನಿಯಂ ಸಾಕು.

ಸೆಕೆಂಡ್ ಹ್ಯಾಂಡ್ ಆದರೆ ತೊಳೆದು ಒರೆಸಿದ ಫ್ರೇಮನ್ನೇ ನೋಡಿ. ಟಾರ್ಚನ್ನು ಓರೆಯಾಗಿ ಹಿಡಿದು ಹೆಡ್ ಟ್ಯೂಬಿನ ಹಿಂದಿನ ವೆಲ್ಡಿಂಗ್, ಡೌನ್ ಟ್ಯೂಬಿನ ತಳ, ಶಾಕ್ ಕೂರೋ ಕಿವಿಗಳು, ಹಿಂದಿನ ಅಚ್ಚಿನ ಮೂಲೆಗಳ ಮೇಲೆ ನಿಧಾನಕ್ಕೆ ಆಡಿಸಿ. ಗೆರೆ ಕಂಡರೆ ಉಗುರು ಅಡ್ಡ ಎಳೀರಿ. ಸಿಕ್ಕಿಹಾಕಿಕೊಂಡರೆ ಅನುಮಾನ ಪಡಿ. ಅಷ್ಟು ಜಾಗದ ಪೇಂಟ್ ಕೆರೆದು ಡೈ ಪೆನಿಟ್ರೆಂಟ್ ಹಾಕಿದರೆ ಗೊತ್ತಾಗುತ್ತೆ: ಕೆಂಪು ದ್ರವ ಬಿಟ್ಟು, ಒರೆಸಿ, ಬಿಳಿ ಸ್ಪ್ರೇ ಹೊಡೆದಾಗ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತೆ. ಮಾರೋನು "ಪೀಣ್ಯದಲ್ಲಿ ವೆಲ್ಡ್ ಮಾಡಿಸಿದೀನಿ, ಏನೂ ಆಗಲ್ಲ" ಅಂದರೆ ನಮಸ್ಕಾರ ಹೇಳಿ ಬನ್ನಿ. ವೆಲ್ಡರ್ ಕೈಕೆಲಸ ಎಷ್ಟೇ ಚೆನ್ನಾಗಿರಲಿ, 6061 ಅಲ್ಯುಮಿನಿಯಂ ಬೆಸುಗೆ ಆದ ಜಾಗದಲ್ಲಿ ಮೆತ್ತಗಾಗುತ್ತೆ. ಪೂರ್ತಿ ಫ್ರೇಮಿಗೆ ಮತ್ತೆ ಹೀಟ್ ಟ್ರೀಟ್‌ಮೆಂಟ್ ಆಗದ ಹೊರತು ಮೊದಲಿನ ಬಲ ಬರಲ್ಲ.

ಶಾಕ್ ಬಿಚ್ಚಿ ಹಿಂದಿನ ತೋಳನ್ನು ಕೈಯಲ್ಲೇ ಏರಿಸಿ ಇಳಿಸಿ ನೋಡಿ. ಮರಳು ಸಿಕ್ಕ ಹಾಗೆ ತಡವರಿಸಿದರೆ ಬೇರಿಂಗ್ ಹೋಗಿದೆ. ಅದಕ್ಕೆ ವ್ಯಾಪಾರ ಬಿಡಬೇಕಿಲ್ಲ, ರೇಟು ಇಳಿಸಿ. 6902 ತರದ ನಂಬರು ಸೀಲಿನ ಮೇಲೇ ಇರುತ್ತೆ, ಪೇಟೆಯ ಬೇರಿಂಗ್ ಅಂಗಡಿಯಲ್ಲೂ ಸಿಗಬಹುದು. ಆದರೆ ಪಿವಟ್ಟಿಗೆ ಕೇಜ್ ಇಲ್ಲದೆ ಒತ್ತೊತ್ತಾಗಿ ಗುಂಡು ತುಂಬಿದ್ದು ಬೇಕು. ಮಾಮೂಲಿದೂ ಅಳತೆಗೆ ಕೂರುತ್ತೆ, ಬೇಗ ಸವೆಯುತ್ತೆ.

ಕೊನೇದಾಗಿ ಡಿರೇಲರ್ ಹ್ಯಾಂಗರ್, ಅಂದರೆ ಹಿಂದೆ ಗೇರ್ ಬದಲಿಸೋ ಡಿರೇಲರನ್ನು ಫ್ರೇಮಿಗೆ ಹಿಡಿದಿರೋ ಸಣ್ಣ ತುಂಡು. ಸ್ರ್ಯಾಮ್ ಕಂಪನಿ 2019ರಲ್ಲಿ ತಂದ, ಹಲವು ಕಂಪನಿಯ ಫ್ರೇಮಿಗೆ ಹೊಂದೋ ಯುಡಿಎಚ್ ಹ್ಯಾಂಗರ್ ಇದ್ದರೆ ಚಿಂತೆ ಕಮ್ಮಿ. ಆ ಫ್ರೇಮಿಗಷ್ಟೇ ಹೊಂದೋ ಹ್ಯಾಂಗರ್ ಆದರೆ ಫ್ರೇಮ್ ಜೊತೆಗೇ ಎರಡು ತರಿಸಿ, ಒಂದು ಪಿಕಪ್ಪಿನ ಡ್ಯಾಶ್‌ಬೋರ್ಡಲ್ಲಿ ಬಿದ್ದಿರಲಿ.