ಕಾಮಿಕ್ಸ್ ವಿಮರ್ಶೆ ಬರೆಯುವವರಿಗೆ: ಕತೆ ಬಿಡಿ, ಪುಟ ನೋಡಿ

ಮುಂಬೈ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ, ದೇಶ ದೇಶ ಸುತ್ತುವ ಹುಡುಗ ವರದಿಗಾರ ಟಿನ್‌ಟಿನ್‌ನ ಕಾಮಿಕ್ಸ್ ಸಿಕ್ಕರೆ ಚೌಕಾಸಿ ಮಾಡಿ ತಗೊಳ್ಳಿ. ಆದರೆ ಅದರ ಬಗ್ಗೆ ಬರೆಯಲು ಕೂತಾಗ ಕತೆ ಹೇಳಲು ಹೊರಡಬೇಡಿ. ನಮ್ಮ ಹುಡುಗರು ತಂದು ತೋರಿಸುವ ವಿಮರ್ಶೆಗಳಲ್ಲಿ ಮುಕ್ಕಾಲು ಪಾಲು ಕತೆಯೇ. ಕೊನೆಗೆ ‘ಚಿತ್ರಗಳು ಸೊಗಸಾಗಿವೆ’ ಅಂತ ಒಂದು ಸಾಲು. ಚಿತ್ರ ಬರೆದವರು ಬೆನ್ನು ಬಗ್ಗಿಸಿ ಕೂತದ್ದು ಆ ಒಂದು ಸಾಲಿಗಾ?

ಮೊದಲ ಸಲ ಸುಮ್ನೆ ಓದಿ. ಎರಡನೇ ಸಲ ಮಾತಿನ ಬಲೂನುಗಳನ್ನು ಓದದೆ ಚಿತ್ರವಷ್ಟೇ ನೋಡುತ್ತಾ ಹೋಗಿ.

ಟಿನ್‌ಟಿನ್‌ನನ್ನು ಸೃಷ್ಟಿಸಿದ ಹೆರ್ಜೆಯ ‘ದಿ ಕ್ಯಾಸ್ಟಫಿಯೋರೆ ಎಮರಾಲ್ಡ್’ ತಗೊಳ್ಳಿ. 1963ರಲ್ಲಿ ಪುಸ್ತಕವಾಗಿ ಬಂದದ್ದು. ಈ ಸಲ ಟಿನ್‌ಟಿನ್ ಯಾವ ದೇಶಕ್ಕೂ ಹೋಗುವುದಿಲ್ಲ. ಹೆಚ್ಚೂಕಮ್ಮಿ 62 ಪುಟವೂ ಅವನ ಗೆಳೆಯ ಕ್ಯಾಪ್ಟನ್ ಹ್ಯಾಡಕ್ ಮನೆ, ಅದರ ಸುತ್ತಮುತ್ತ. ಮೆಟ್ಟಿಲಿನ ಒಂದು ಕಲ್ಲು ಒಡೆದಿದೆ. ಮೇಸ್ತ್ರಿ ಫೋನಿನಲ್ಲಿ ಬರ್ತೀನಿ ಬರ್ತೀನಿ ಅನ್ನುತ್ತಾನೆ, ಬರುವುದಿಲ್ಲ. ಮುಂಬೈಯಲ್ಲಿ ಮನೆ ರಿಪೇರಿ ಮಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರಾದ ಮೇಲೊಬ್ಬರು ಅಲ್ಲೇ ಜಾರಿ ಬೀಳುತ್ತಾರೆ. ಆದರೂ ಪ್ರತಿ ಸಲ ನಗು ಬರುತ್ತದೆ. ಯಾಕೆ? ಮೆಟ್ಟಿಲು ಒಡೆದಿರುವುದು ನಮಗೆ ಗೊತ್ತು. ಯಾರಾದರೂ ಆ ಕಡೆ ಹೊರಟರೆ ಸಾಕು, ಅವರಿಗಿಂತ ಮೊದಲು ನಾವೇ ಮುಂದಿನ ಚಿತ್ರದ ಚೌಕಕ್ಕೆ ಹಾರಿರುತ್ತೇವೆ. ಚೌಕಗಳ ನಡುವಿನ ಬಿಳಿ ಸಂದಿಯಲ್ಲಿ ಅರ್ಧ ಕೆಲಸ ಮಾಡುವುದು ಓದುಗನೇ. ಅದನ್ನು ಬರೆಯಿರಿ. ಕತೆಯಲ್ಲಿ ಕಳೆದುಹೋಗುವ ಪಚ್ಚೆ ಎಲ್ಲಿ ಹೋಯಿತು ಅಂತ ಮಾತ್ರ ಬಾಯಿ ಬಿಡಬೇಡಿ.

ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಸೂಪರ್‌ಹೀರೋ ಕಾಮಿಕ್ಸ್ ‘ವಾಚ್‌ಮೆನ್’ (1986–87) ಬೇರೆ ಥರ. ಪುಟಕ್ಕೆ ಒಂಬತ್ತು ಚೌಕದ ಲೆಕ್ಕದಲ್ಲಿ ಕಟ್ಟಿದ್ದು. ಐದನೇ ಸಂಚಿಕೆಯ ಮೊದಲ ಪುಟ, ಕೊನೆಯ ಪುಟ ಪಕ್ಕಪಕ್ಕ ಇಟ್ಟು ನೋಡಿ. ಚೌಕಗಳ ಜೋಡಣೆ ಕನ್ನಡಿ ಹಿಡಿದ ಹಾಗಿದೆ, ಅಲ್ವಾ? ಎರಡನೇ ಪುಟಕ್ಕೆ ಕೊನೆಯಿಂದ ಎರಡನೆಯದು, ಹೀಗೇ ನಡುವಿನ ಪುಟಗಳವರೆಗೂ.

ನಾನು ಆಫ್‌ಸೆಟ್ ಪ್ರೆಸ್ಸಿನಲ್ಲಿ ದುಡಿದವನು. ಹಾಗಾಗಿ ಬಣ್ಣದ ಬಗ್ಗೆ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಳ್ಳುತ್ತೇನೆ. ಹಳೇ ಅಮೆರಿಕನ್ ಕಾಮಿಕ್ಸ್ ಅಗ್ಗದ ನ್ಯೂಸ್‌ಪ್ರಿಂಟಿನಲ್ಲಿ ಅಚ್ಚಾದವು. ಭೂತಗನ್ನಡಿ ಹಿಡಿದರೆ ಬಣ್ಣವೆಲ್ಲ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಆ ಕಾಗದ ಶಾಯಿ ಕುಡಿಯುತ್ತದೆ, ಬಣ್ಣ ಮಂಕಾಗುತ್ತದೆ. ಅದೇ ಬಣ್ಣವನ್ನು ಈಗ ನುಣುಪು ಕಾಗದದಲ್ಲಿ ಅಚ್ಚು ಹಾಕಿದರೆ ಕಣ್ಣಿಗೆ ರಾಚುತ್ತದೆ. ಅದು ಬಣ್ಣ ಹಾಕಿದವನ ತಪ್ಪಲ್ಲ. ನೀವು ನೋಡಿದ್ದು ಯಾವ ಮುದ್ರಣ ಅಂತ ತಪ್ಪದೆ ಹೇಳಿ.

ಹೆಸರುಗಳನ್ನೂ ಹೇಳಿ. ಅಮೆರಿಕನ್ ಕಾಮಿಕ್ಸಿನಲ್ಲಿ ಹೆಚ್ಚಾಗಿ ಪೆನ್ಸಿಲ್ ಒಬ್ಬರದು, ಶಾಯಿ ಇನ್ನೊಬ್ಬರದು, ಬಣ್ಣ, ಅಕ್ಷರ ಮತ್ತೊಬ್ಬರದು. ಜಾಕ್ ಕರ್ಬಿಯ ಪೆನ್ಸಿಲ್ ಗೆರೆಗೆ ಜೋ ಸಿನಾಟ್ ಶಾಯಿ ಹಾಕಿದಾಗ ಬರುವ ಹೊಳಪನ್ನು ಬರೀ ಕರ್ಬಿ ಲೆಕ್ಕಕ್ಕೆ ಬರೆದರೆ ಅನ್ಯಾಯ. ಫ್ರೆಂಚ್ ಕಾಮಿಕ್ಸ್ ಆಸ್ಟೆರಿಕ್ಸ್‌ನಲ್ಲಿ ಕತೆ ಗೊಸಿನಿಯದು, ಚಿತ್ರ ಉಡೆರ್ಜೊದು. 1977ರಲ್ಲಿ ಗೊಸಿನಿ ತೀರಿಕೊಂಡ ಮೇಲೆ ಉಡೆರ್ಜೊ ಕತೆಯನ್ನೂ ತಾವೇ ಬರೆದರು. ಗೆರೆ ಅದೇ, ಮಾತಿನಲ್ಲಿ ಉಪ್ಪುಖಾರ ಕಮ್ಮಿ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬನ್ನಿ.

ಇನ್ನು ಓದುವ ಜಾಗ. ತೆಳುವಾದ ಅಮೆರಿಕನ್ ಸಂಚಿಕೆಯನ್ನು ಡೊಂಬಿವಲಿ ಲೋಕಲ್ ರೈಲಿನಲ್ಲಿ ನಿಂತೇ ಮುಗಿಸಬಹುದು. ಟಿನ್‌ಟಿನ್‌ನ ಅಗಲದ ಪುಸ್ತಕ ಬಿಡಿಸಿದರೆ ಪಕ್ಕದವನ ಮೂಗಿಗೆ ತಾಗುತ್ತದೆ, ಅದಕ್ಕೆ ಭಾನುವಾರವೇ ಸರಿ. ಮೊಬೈಲಿನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿಕೊಂಡು ಓದಿದ್ದರೆ ಪುಟದ ಜೋಡಣೆ ಬಗ್ಗೆ ತೀರ್ಪು ಕೊಡಲು ಹೋಗಬೇಡಿ.