ತಲೆಯೊಳಗಿನ ಚಿತ್ರ ಮತ್ತು ನಡುಗುವ ಕೈ

ಜನರೆದುರು ಹೋಗಲು ಹೆದರುವವರು ಚಿಕಿತ್ಸೆಗೆಂದು ನನ್ನ ಬಳಿ ಬಂದಾಗ ನಾನು ಬೇಗನೇ ಕೇಳುವ ಪ್ರಶ್ನೆ ಒಂದಿದೆ: "ಆ ಹೊತ್ತಿನಲ್ಲಿ ಕಣ್ಣ ಮುಂದೆ ಏನು ಬರುತ್ತೆ?" ಹೆಚ್ಚಿನವರು ಮೊದಲು ಯೋಚನೆಗಳನ್ನು ಹೇಳುತ್ತಾರೆ. ಜನ ನಗ್ತಾರೆ, ಏನಂದ್ಕೊಳ್ತಾರೋ ಅಂತ. ಸ್ವಲ್ಪ ತಡೆದು ಮತ್ತೆ ಕೇಳಿದರೆ ಚಿತ್ರ ಸಿಗುತ್ತದೆ. ಅದರಲ್ಲಿ ಅವರು ತಮ್ಮನ್ನೇ ಹೊರಗಿನಿಂದ ನೋಡುತ್ತಿರುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಆಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದ್ದು ಇದನ್ನೇ. ಆತಂಕ ಹೆಚ್ಚಾದಾಗ ಗಮನವೆಲ್ಲ ತನ್ನ ಮೇಲೇ ತಿರುಗುತ್ತದೆ. ಒಳಗೆ ಎಷ್ಟು ನಡುಕವಿದೆಯೋ ಹೊರಗೂ ಅಷ್ಟೇ ಕಾಣುತ್ತಿದೆ ಎಂದು ಮನಸ್ಸು ನಂಬಿಬಿಡುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ದೊಡ್ಡ ಕುಟುಂಬ. ಮದುವೆ, ಗೃಹಪ್ರವೇಶ ಅಂದರೆ ಮನೆಯ ಹುಡುಗರೆಲ್ಲ ಪಂಕ್ತಿಗೆ ಬಡಿಸಬೇಕು. ಇವನು ಮಾತ್ರ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಜಂಬ ಅಂತ ನೆಂಟರು ಆಡಿಕೊಳ್ಳುತ್ತಿದ್ದರು. ಬ್ಯಾಂಕಿನಲ್ಲಿ ಎದುರಿಗೆ ಯಾರಾದರೂ ನಿಂತರೆ ಸಹಿ ಹಾಕಲೂ ಆಗುತ್ತಿರಲಿಲ್ಲ. ಥೈರಾಯ್ಡ್ ತೊಂದರೆಯಿಂದಲೂ ಕೈ ನಡುಗಬಹುದು, ಹಾಗಾಗಿ ಮೊದಲು ವೈದ್ಯರ ಹತ್ತಿರ ಕಳಿಸಿದೆ. ಅಂಥದ್ದೇನೂ ಇರಲಿಲ್ಲ.

ಅವನ ಚಿತ್ರ ಹೀಗಿತ್ತು: ಸಾರಿನ ಬಕೆಟ್ ಹಿಡಿದಿದ್ದಾನೆ, ಸೌಟು ಗಡಗಡ ಅಲ್ಲಾಡುತ್ತಿದೆ, ಕೂತವರ ಪಂಚೆಯ ಮೇಲೆ ಸಾರು ಚೆಲ್ಲಿದೆ, ಇಡೀ ಪಂಕ್ತಿ ತಲೆಯೆತ್ತಿ ಇವನನ್ನೇ ನೋಡುತ್ತಿದೆ. ಅಲ್ಲಿಗೆ ನಿಂತುಬಿಡುತ್ತಿತ್ತು.

"ಎಷ್ಟು ನಡುಗುತ್ತೆ, ಮಾಡಿ ತೋರಿಸು ನೋಡೋಣ" ಎಂದೆ. ಗೇಣುದ್ದ ಅತ್ತಿತ್ತ ಕೈಯಾಡಿಸಿದ. ಆಮೇಲೆ ನನ್ನ ಕೋಣೆಯಲ್ಲೇ ಒಂದು ಬಕೆಟ್ ನೀರು, ಸೌಟು, ಮೇಜಿನ ಮೇಲೆ ಸಾಲಾಗಿ ಲೋಟ ಇಟ್ಟೆವು. ಸಹೋದ್ಯೋಗಿಗಳು ಬಂದು ಕೂತರು. ಅವನು ಬಡಿಸಿದ, ನಾನು ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಅದನ್ನು ಕೂಡಲೇ ತೋರಿಸಬಾರದು. ತೋರಿಸಿದರೆ ಒಳಗಿನ ನಡುಕವೇ ಇನ್ನೂ ಹಸಿಯಾಗಿದ್ದು, ಪರದೆಯ ಮೇಲೂ ಅದೇ ಕಾಣುತ್ತದೆ. ಮೊದಲು ಕಣ್ಣು ಮುಚ್ಚಿ, ತಾನು ಹೇಗೆ ಕಂಡಿರಬಹುದು ಅಂತ ವಿವರವಾಗಿ ಹೇಳಬೇಕು. ಆಮೇಲೆ ಪರಿಚಯವಿಲ್ಲದ ಯಾರನ್ನೋ ನೋಡುವ ಹಾಗೆ ನೋಡಬೇಕು. ಅವನು ನೋಡಿದ. "ಇನ್ನೊಂದ್ಸಲ ಹಾಕಿ ಮೇಡಂ" ಎಂದ. ಸೌಟಿನ ತುದಿ ಒಂಚೂರು ಅಲುಗುತ್ತಿತ್ತು, ಅಷ್ಟೇ. ಇನ್ನೊಂದನ್ನು ಅವನೇ ಗಮನಿಸಿದ. ನಡುಗಬಾರದು ಅಂತ ಸೌಟನ್ನು ಬಿಗಿಯಾಗಿ ಹಿಡಿದ ಕಡೆಯಲ್ಲೇ ಅಲುಗಾಟ ಜಾಸ್ತಿ. ಸಡಿಲವಾಗಿ ಹಿಡಿದು ಮತ್ತೆ ಬಡಿಸಿದ, ಕಡಿಮೆಯಾಯಿತು.

ಕೆಲವರಿಗೆ ಇಷ್ಟೇ ಸಾಕಾಗುತ್ತದೆ. ಇವನಿಗೆ ಸಾಲಲಿಲ್ಲ. "ವಿಡಿಯೊ ಸರಿ ಮೇಡಂ, ಆದ್ರೆ ಒಳಗೆ ಅದೇ ಬರುತ್ತೆ." ಹೀಗೆ ಮತ್ತೆ ಮತ್ತೆ ಬರುವ ಚಿತ್ರಕ್ಕೆ ಹಳೆಯ ಯಾವುದೋ ಘಟನೆಯ ನಂಟು ಇರುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಆನ್ ಹ್ಯಾಕ್‌ಮನ್ ಮತ್ತು ಸಂಗಡಿಗರು 2000ದಲ್ಲಿ ಬರೆದಿದ್ದರು. ನನ್ನ ಕೆಲಸದಲ್ಲೂ ಅದನ್ನೇ ಕಾಣುತ್ತೇನೆ. "ಈ ನಾಚಿಕೆ ಮೊದಲು ಯಾವಾಗ ಆಗಿತ್ತು?" ಎಂದು ಕೇಳಿದೆ. ಎಂಟನೇ ಕ್ಲಾಸು. ಬೋರ್ಡಿನ ಮೇಲೆ ಲೆಕ್ಕ ಮಾಡಲು ಕರೆದಿದ್ದಾರೆ. ಸೀಮೆಸುಣ್ಣ ಹಿಡಿದ ಕೈ ನಡುಗಿದೆ. "ನೋಡ್ರೋ, ಇವ್ನಿಗೆ ಚಳಿ ಜ್ವರ" ಎಂದು ಮೇಷ್ಟ್ರು ಅಂದರು, ಇಡೀ ಕ್ಲಾಸು ನಕ್ಕಿತು.

ಕಣ್ಣು ಮುಚ್ಚಿ ಮೊದಲು ಆ ಹುಡುಗನಾಗಿಯೇ ಅಲ್ಲಿ ನಿಲ್ಲಲು ಹೇಳಿದೆ. ಆಮೇಲೆ ಈಗಿನ ವಯಸ್ಸಿನ ಅವನೇ ಕ್ಲಾಸಿನೊಳಗೆ ಬರಬೇಕು. ಏನು ಹೇಳಬೇಕು ಎಂದು ನಾನು ಹೇಳಿಕೊಡುವುದಿಲ್ಲ, ಅದು ಅವರಿಂದಲೇ ಬರಬೇಕು. ಅವನು ತುಂಬ ಹೊತ್ತು ಸುಮ್ಮನಿದ್ದ. ಕೊನೆಗೆ, "ಸಾರ್, ಅವನಿಗೆ ಲೆಕ್ಕ ಬರುತ್ತೆ. ಎಲ್ಲರೂ ನೋಡ್ತಿದ್ದಾರೆ ಅಂತ ಕೈ ನಡುಗ್ತಿದೆ. ನಗಿಸ್ಬೇಡಿ" ಎಂದ. ಮತ್ತೆ ಹುಡುಗನ ಜಾಗಕ್ಕೆ ಹೋಗಲು ಹೇಳಿ, ಇನ್ನೇನು ಬೇಕು ಎಂದು ಕೇಳಿದೆ. "ಲೆಕ್ಕ ಮುಗಿಸ್ಬೇಕು." ಮುಗಿಸಿದ, ಅಳುತ್ತಲೇ. ನಡೆದದ್ದು ಬದಲಾಗುವುದಿಲ್ಲ, ಅದು ಅವನಿಗೂ ಗೊತ್ತು. ನನ್ನಲ್ಲೇ ಏನೋ ಕೊರತೆ ಇದೆ ಎಂದು ಅಂದಿನಿಂದ ಹೊತ್ತುಕೊಂಡು ಬಂದಿದ್ದ ನಂಬಿಕೆ ಸಡಿಲವಾಯಿತು.

ಬಡಿಸುವ ಚಿತ್ರಕ್ಕೆ ವಾಪಸ್ ಬಂದೆವು. ಈ ಸಲ ಅವನದೇ ಕಣ್ಣಿನಿಂದ ನೋಡಬೇಕು: ಎಲೆ, ಅನ್ನದ ಗುಣಿ, ಸಾರಿನ ಹಬೆ, ಕೂತವರ ಮುಖ. "ಎಲ್ಲ ಚೆನ್ನಾಗಿ ಆಯ್ತು ಅಂತ ಕಲ್ಪಿಸಿಕೊಳ್ಲಾ?" ಎಂದು ಎಷ್ಟೋ ಜನ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಅಂಥ ಚಿತ್ರ ಮೊದಲ ನಡುಕಕ್ಕೇ ಮುರಿದುಬೀಳುತ್ತದೆ. ಸಾರು ಚೆಲ್ಲಲಿ, ಚಿತ್ರ ಮುಂದೆ ಓಡಲಿ. "ಚೆಲ್ಲಿತು. ಆಮೇಲೆ?" "ಒರೆಸಿಕೊಳ್ತಾರೆ. ಇರ್ಲಿ ಬಿಡಪ್ಪ ಅಂತಾರೆ. ಮುಂದಿನ ಎಲೆಗೆ ಹೋಗ್ತೀನಿ."

ಕಲ್ಪನೆ ಅಲ್ಲಿಗೇ ನಿಂತರೆ ಪ್ರಯೋಜನವಿಲ್ಲ, ನಿಜವಾಗಿಯೂ ಹೋಗಿ ಬಡಿಸಬೇಕು. ಉಪ್ಪು, ಉಪ್ಪಿನಕಾಯಿಯಿಂದ ಶುರು ಮಾಡಿದ. ಆಮೇಲೆ ಪಲ್ಯ. ಸಾರಿಗೆ ಬರಲು ಸಮಯ ಹಿಡಿಯಿತು. ಅವನಿಗೊಂದು ಕೆಲಸ ಕೊಟ್ಟಿದ್ದೆ: ನಿನ್ನ ಕೈ ನೋಡಬೇಡ, ಉಣ್ಣುವವರು ಏನು ನೋಡ್ತಿದ್ದಾರೆ ಅಂತ ನೋಡಿಕೊಂಡು ಬಾ. ಎಲ್ಲರೂ ತಮ್ಮ ಎಲೆ ನೋಡುತ್ತಿದ್ದರಂತೆ. ಒಬ್ಬ ಅಜ್ಜ ಮಾತ್ರ ತಲೆಯೆತ್ತಿದ್ದು ಇನ್ನೊಂದು ಸೌಟು ಸಾರು ಕೇಳಲು.

ವಿಡಿಯೊ ಮಾಡಿ ನೋಡಿಕೊಳ್ಳುವುದನ್ನು ಮನೆಯಲ್ಲೂ ಪ್ರಯತ್ನಿಸಬಹುದು. ಹಳೆಯ ನೆನಪಿನೊಳಗೆ ಹೋಗುವ ಕೆಲಸ ಮಾತ್ರ ಒಬ್ಬರೇ ಮಾಡಬೇಡಿ, ತರಬೇತಿ ಇದ್ದವರು ಜೊತೆಗಿರಲಿ. ಯಾರ ಬಳಿ ಹೋಗಬೇಕು ಎಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.