ಕೋಟಿಗಳ ಲೆಕ್ಕವನ್ನು ಒಂದು ಪಾಸ್‌ಬುಕ್‌ಗೆ ಇಳಿಸುವುದು ಹೇಗೆ?

ರಾಜ್ಯ ಬಜೆಟ್‌ನಲ್ಲಿ ಪಿಂಚಣಿ ಮತ್ತು ಕಲ್ಯಾಣ ವೆಚ್ಚವನ್ನು ನೀವೇ ಓದಿಕೊಳ್ಳುವ ಬಗೆ

ತಿಂಗಳ ಮೊದಲ ವಾರ ರಾಜಾಜಿನಗರದ ಯಾವುದಾದರೂ ಬ್ಯಾಂಕ್ ಶಾಖೆಯ ಸರದಿಯಲ್ಲಿ ನಿಂತರೆ ‘ಪಿಂಚಣಿ ಬಂತಾ?’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಕೇಳುವವರಲ್ಲಿ ಒಬ್ಬರು ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತರಾದ ಶಿಕ್ಷಕಿ. ಅವರ ಹಿಂದೆ ನಿಂತವರು ಮೂವತ್ತು ವರ್ಷ ಮನೆಗೆಲಸ ಮಾಡಿ, ಈಗ ಕೈಲಾಗದೆ ಬಿಟ್ಟಿರುವ ನಮ್ಮ ಬೀದಿಯ ಅಜ್ಜಿ. ಬಜೆಟ್ ಮಂಡನೆಯಾದ ಮರುದಿನ ಆ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿ, ‘ಟೀವೀಲಿ ಸಾವಿರಾರು ಕೋಟಿ ಅಂತಾರಲ್ಲಪ್ಪ, ಅದ್ರಲ್ಲಿ ನನ್ನ ಸಾವಿರದ ಇನ್ನೂರು ಎಲ್ಲಿದೆ, ತೋರ್ಸು ನೋಡೋಣ’ ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ನಾಲ್ಕು ಸಂಜೆಗಳು ಬೇಕಾದವು. ಓದುಗರಿಗೆ ಒಂದು ಸಂಜೆ ಸಾಕಾಗಲಿ ಎಂಬ ಉದ್ದೇಶದಿಂದ ಆ ದಾರಿಯನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಪಿಂಚಣಿ ಎಂದು ಗೊತ್ತುಮಾಡಿಕೊಳ್ಳಿ

ಸರದಿಯಲ್ಲಿದ್ದ ಇಬ್ಬರೂ ಬಳಸಿದ್ದು ಒಂದೇ ಪದವಾದರೂ ಅವರ ಹಣ ಬರುವ ದಾರಿಗಳು ಬೇರೆ ಬೇರೆ. ಶಿಕ್ಷಕಿಗೆ ಬರುವುದು ಸೇವಾ ಪಿಂಚಣಿ, ಅಂದರೆ ಸರ್ಕಾರ ತನ್ನ ನೌಕರರಿಗೆ ಉದ್ಯೋಗದಾತನಾಗಿ ಸಲ್ಲಿಸಬೇಕಾದ ಬಾಕಿ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸಿನ ಪ್ರಕಾರ ಕನಿಷ್ಠ ಮೂಲ ವೇತನ 27,000 ರೂಪಾಯಿಗೂ, ಅದರ ಅರ್ಧವಾದ ಕನಿಷ್ಠ ಪಿಂಚಣಿ 13,500 ರೂಪಾಯಿಗೂ ಏರಿದೆ. ಬೆಲೆ ಏರಿದಂತೆ ಇದರ ಮೇಲೆ ತುಟ್ಟಿಭತ್ಯೆಯೂ ಸೇರುತ್ತದೆ. 2006ರ ಏಪ್ರಿಲ್ 1 ಮತ್ತು ಅನಂತರ ಸೇವೆಗೆ ಸೇರಿದವರು ಈ ಹಳೆಯ ವ್ಯವಸ್ಥೆಯಲ್ಲಿಲ್ಲ, ಅವರಿಗಿರುವುದು ಎನ್‌ಪಿಎಸ್, ಅಂದರೆ ನೌಕರರೂ ಸರ್ಕಾರವೂ ತಿಂಗಳು ತಿಂಗಳು ವಂತಿಗೆ ಹಾಕುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ.

ಅಜ್ಜಿಗೆ ಬರುವುದು ಸಾಮಾಜಿಕ ಭದ್ರತಾ ಪಿಂಚಣಿ. 65 ವರ್ಷ ದಾಟಿದ ಬಡವರಿಗಾಗಿ 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ, ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲರ ವೇತನ, ಒಂಟಿ ಮಹಿಳೆಯರಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ ಇವೆಲ್ಲ ಈ ಗುಂಪಿನವು. ಮೂರನೆಯ ಬಗೆಯೂ ಒಂದಿದೆ. ಪೀಣ್ಯದ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿದವರಿಗೆ ಭವಿಷ್ಯ ನಿಧಿ ಸಂಸ್ಥೆ ಕೊಡುವ ಇಪಿಎಸ್-95 ಪಿಂಚಣಿಯ ಕನಿಷ್ಠ ಮೊತ್ತ 2014ರ ಸೆಪ್ಟೆಂಬರ್‌ನಿಂದ 1,000 ರೂಪಾಯಿ. ಇದನ್ನು ರಾಜ್ಯ ಬಜೆಟ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಅದು ಅಲ್ಲಿ ಇರುವುದೇ ಇಲ್ಲ.

ಪಿಂಚಣಿಯ ಹೊರೆ ಹೆಚ್ಚಾಯಿತು ಎಂದು ಯಾರಾದರೂ ಹೇಳಿದಾಗ ಯಾವ ಪಿಂಚಣಿ ಎಂದು ಮೊದಲು ಕೇಳಬೇಕು. ಸೇವಾ ಪಿಂಚಣಿಯ ಮೊತ್ತವನ್ನು ತೋರಿಸಿ ಅಜ್ಜಿಯ 1,200 ರೂಪಾಯಿಯನ್ನು ಹೊರೆ ಎನ್ನುವುದು ಅನ್ಯಾಯ. ನಿವೃತ್ತ ಶಿಕ್ಷಕಿಯ ಹಕ್ಕಿನ ಹಣವನ್ನು ಉಚಿತ ಕೊಡುಗೆಯ ಸಾಲಿಗೆ ಸೇರಿಸುವುದೂ ಅಷ್ಟೇ ತಪ್ಪು.

ಎರಡನೆಯ ಹೆಜ್ಜೆ: ಸರಿಯಾದ ಪುಸ್ತಕ, ಸರಿಯಾದ ಇಲಾಖೆ

ಬಜೆಟ್ ಭಾಷಣ ಸಾಲದು. ಭಾಷಣದಲ್ಲಿ ಹೊಸ ಘೋಷಣೆಗಳು ಕಾಣುತ್ತವೆ, ಹಳೆಯ ಯೋಜನೆಗಳು ಎಷ್ಟೋ ಸಲ ಕಾಣುವುದಿಲ್ಲ. ಸಂವಿಧಾನದ 202ನೇ ವಿಧಿಯಂತೆ ಶಾಸನಸಭೆಯ ಮುಂದಿಡುವ ವಾರ್ಷಿಕ ಹಣಕಾಸು ವಿವರಣಾ ಪತ್ರ ಮತ್ತು ಅದರ ಜೊತೆಗೆ ಬರುವ ಇಲಾಖಾವಾರು ವಿವರವಾದ ಅಂದಾಜುಗಳ ಸಂಪುಟಗಳನ್ನು ರಾಜ್ಯ ಆರ್ಥಿಕ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ.

ನಾನು ಎಡವಿದ್ದು ಇಲಾಖೆಯ ವಿಷಯದಲ್ಲಿ. ವೃದ್ಧರ ಪಿಂಚಣಿ ಸಮಾಜ ಕಲ್ಯಾಣ ಇಲಾಖೆಯಲ್ಲಿರಬೇಕು ಎಂದುಕೊಂಡು ಒಂದು ಇಡೀ ಸಂಜೆ ಆ ಸಂಪುಟದಲ್ಲೇ ತಡಕಾಡಿದೆ. ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯ ಇರುವುದು ಕಂದಾಯ ಇಲಾಖೆಯ ಅಧೀನದಲ್ಲಿ. ಅರ್ಜಿಯನ್ನು ನಾಡಕಚೇರಿಗೆ ಕೊಡುವುದು, ತಹಶೀಲ್ದಾರರ ಕಚೇರಿಗೆ ಅಲೆಯುವುದು ಇದೇ ಕಾರಣಕ್ಕೆ ಎಂದು ಆಗ ಹೊಳೆಯಿತು. ಪಹಣಿಯ ಇಲಾಖೆಯೇ ಪಿಂಚಣಿಯ ಇಲಾಖೆ.

ಗ್ಯಾರಂಟಿ ಯೋಜನೆಗಳೂ ಹೀಗೆಯೇ ಹಂಚಿಹೋಗಿವೆ. ಗೃಹಲಕ್ಷ್ಮಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ, ಅನ್ನಭಾಗ್ಯ ಆಹಾರ ಇಲಾಖೆಯಲ್ಲಿ, ಗೃಹಜ್ಯೋತಿ ಇಂಧನ ಇಲಾಖೆಯಲ್ಲಿ, ಶಕ್ತಿ ಸಾರಿಗೆ ಇಲಾಖೆಯಲ್ಲಿ ಸಿಗುತ್ತವೆ. ಇವುಗಳಲ್ಲಿ ಕೊನೆಯ ಎರಡರ ಹಣ ಫಲಾನುಭವಿಯ ಖಾತೆಗೆ ಬರುವುದೇ ಇಲ್ಲ. ಬೆಸ್ಕಾಂನಂತಹ ವಿದ್ಯುತ್ ಕಂಪನಿಗಳಿಗೂ ಸಾರಿಗೆ ನಿಗಮಗಳಿಗೂ ಹೋಗುತ್ತದೆ. ಬಿಎಂಟಿಸಿ ಬಸ್ಸಿನಲ್ಲಿ ಮಹಿಳೆಯರು ದುಡ್ಡು ಕೊಡದಿದ್ದರೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದುಕೊಡುವುದು ಏಕೆಂದರೆ, ನಿಗಮ ಸರ್ಕಾರದಿಂದ ಹಣ ಕೇಳುವುದು ಆ ಟಿಕೆಟ್ಟಿನ ಆಧಾರದ ಮೇಲೆಯೇ. ಆದ್ದರಿಂದ ಆ ಚೀಟಿಯನ್ನು ಬೇಡ ಎನ್ನಬಾರದು.

ಮೂರನೆಯ ಹೆಜ್ಜೆ: ಅಂಕಿಗಳ ಭಾಷೆ ಕಲಿಯಿರಿ

ಸಂಪುಟ ತೆರೆದ ಕೂಡಲೇ ಕಾಣುವ ಉದ್ದನೆಯ ಸಂಖ್ಯೆಗಳಿಗೆ ಹೆದರಬೇಕಾಗಿಲ್ಲ. ಅವನ್ನು ಲೆಕ್ಕ ಶೀರ್ಷಿಕೆ ಎನ್ನುತ್ತಾರೆ. ಅವು ಒಂದು ಮನೆಯ ವಿಳಾಸದಂತೆ, ಊರಿನಿಂದ ಆರಂಭಿಸಿ ಬಾಗಿಲಿನವರೆಗೆ ಬರುತ್ತವೆ. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ. ಅದು 2 ಅಥವಾ 3ರಿಂದ ಆರಂಭವಾದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ಪಿಂಚಣಿ, ಸಹಾಯಧನದಂತಹ ಖರ್ಚು. 4 ಅಥವಾ 5ರಿಂದ ಆರಂಭವಾದರೆ ರಸ್ತೆ, ಕಟ್ಟಡ, ನೀರಾವರಿಯಂತಹ ಬಂಡವಾಳ ವೆಚ್ಚ. ಈ ಸಂಖ್ಯೆಗಳು ದೇಶದ ಎಲ್ಲ ರಾಜ್ಯಗಳಿಗೂ ಒಂದೇ ಆಗಿರುವುದರಿಂದ ಒಮ್ಮೆ ಕಲಿತರೆ ತಮಿಳುನಾಡಿನ ಬಜೆಟ್ಟನ್ನೂ ಓದಬಹುದು.

ನಮಗೆ ಬೇಕಾದವು ಎರಡು. 2071 ಎಂದರೆ ಪಿಂಚಣಿ ಮತ್ತು ಇತರ ನಿವೃತ್ತಿ ಸೌಲಭ್ಯಗಳು. ಶಿಕ್ಷಕಿಯ ಹಣ ಇಲ್ಲಿದೆ. 2235 ಎಂದರೆ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ. ಅದರೊಳಗೆ 60 ಎಂಬ ಉಪಶೀರ್ಷಿಕೆ, ಅದರೊಳಗೆ 102 ಎಂಬ ಕಿರುಶೀರ್ಷಿಕೆ: ಸಾಮಾಜಿಕ ಭದ್ರತಾ ಯೋಜನೆಗಳ ಅಡಿ ಪಿಂಚಣಿ. ಅಜ್ಜಿಯ ಪ್ರಶ್ನೆಗೆ ಉತ್ತರ 2235-60-102. ಆ ಪುಟವನ್ನು ಮುದ್ರಿಸಿ ಅವರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

ನಾಲ್ಕನೆಯ ಹೆಜ್ಜೆ: ಒಂದೇ ಸಾಲಿನ ನಾಲ್ಕು ಮೊತ್ತಗಳು

ಪ್ರತಿ ಶೀರ್ಷಿಕೆಯ ಎದುರು ಒಂದಲ್ಲ, ನಾಲ್ಕು ಮೊತ್ತಗಳಿರುತ್ತವೆ. 2025–26ರ ಪುಸ್ತಕವನ್ನೇ ತೆಗೆದುಕೊಂಡರೆ, 2023–24ರ ಲೆಕ್ಕಗಳು, 2024–25ರ ಆಯವ್ಯಯ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು ಮತ್ತು 2025–26ರ ಆಯವ್ಯಯ ಅಂದಾಜು. ಪತ್ರಿಕೆಗಳ ಮುಖಪುಟಕ್ಕೆ ಬರುವುದು ಕೊನೆಯದು, ಅಂದರೆ ಇನ್ನೂ ಖರ್ಚಾಗದ ಹಣ. ನಿಜವಾಗಿ ಖರ್ಚಾದದ್ದು ‘ಲೆಕ್ಕಗಳು’ ಎಂಬ ಅಂಕಣದಲ್ಲಿ ಎರಡು ವರ್ಷ ತಡವಾಗಿ ಬರುತ್ತದೆ, ಆ ಹೊತ್ತಿಗೆ ಅದನ್ನು ನೋಡುವವರು ಕಡಿಮೆ. ಹಿಂದಿನ ಪುಸ್ತಕಗಳನ್ನೂ ಇಳಿಸಿಕೊಂಡು, ಒಂದೇ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಲೆಕ್ಕ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.

ಪಿಂಚಣಿಯ ಸಾಲಿನಲ್ಲಿ ಖರ್ಚು ಅಂದಾಜಿಗಿಂತ ಕಡಿಮೆಯಾಗಿದ್ದರೆ ಅದನ್ನು ಉಳಿತಾಯ ಎಂದು ಸಂತೋಷಪಡುವಂತಿಲ್ಲ. ರಸ್ತೆ ಕಾಮಗಾರಿಯಲ್ಲಿ ಹಣ ಉಳಿದರೆ ಅಗ್ಗದ ಟೆಂಡರ್ ಕಾರಣವಿರಬಹುದು. ತಲೆಗಿಷ್ಟು ಎಂದು ನಿಗದಿಯಾದ ಪಿಂಚಣಿಯಲ್ಲಿ ಹಣ ಉಳಿಯುವ ದಾರಿಗಳು ಮೂರೇ: ಫಲಾನುಭವಿಗಳ ಸಂಖ್ಯೆ ಇಳಿದಿರಬೇಕು, ಕಂತು ಮುಂದಕ್ಕೆ ಹೋಗಿರಬೇಕು, ಇಲ್ಲವೇ ಅಂದಾಜೇ ತಪ್ಪಿರಬೇಕು. ಮೊದಲ ಎರಡರಲ್ಲೂ ಯಾರದೋ ಮನೆಯ ಔಷಧಿ ನಿಂತಿರುವ ಸಾಧ್ಯತೆಯಿದೆ.

ಐದನೆಯ ಹೆಜ್ಜೆ: ಭಾಗಾಕಾರ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ, ಬೇಕಾಗುವುದು ಮೊಬೈಲಿನ ಕ್ಯಾಲ್ಕುಲೇಟರ್ ಮಾತ್ರ. ಒಂದು ಸೂತ್ರ ನೆನಪಿಟ್ಟುಕೊಳ್ಳಿ: ಒಂದು ಲಕ್ಷ ಜನರಿಗೆ ತಿಂಗಳಿಗೆ ನೂರು ರೂಪಾಯಿ ಎಂದರೆ ವರ್ಷಕ್ಕೆ 12 ಕೋಟಿ.

2021ರ ಜುಲೈ 28ರಂದು ಮುಖ್ಯಮಂತ್ರಿಯಾಗಿ ಅಧಿಕಾರ ಸ್ವೀಕರಿಸಿದ ದಿನವೇ ಬಸವರಾಜ ಬೊಮ್ಮಾಯಿ ಅವರು ಸಂಧ್ಯಾ ಸುರಕ್ಷಾ ಮೊತ್ತವನ್ನು 1,000 ರೂಪಾಯಿಯಿಂದ 1,200ಕ್ಕೆ ಏರಿಸುವುದಾಗಿ ಪ್ರಕಟಿಸಿದರು. ಫಲಾನುಭವಿಗಳು 35.98 ಲಕ್ಷ, ಹೆಚ್ಚುವರಿ ವೆಚ್ಚ 863.52 ಕೋಟಿ ರೂಪಾಯಿ ಎಂದು ಹೇಳಲಾಯಿತು. ನಮ್ಮ ಸೂತ್ರ ಹಚ್ಚಿ ನೋಡಿ: ಇನ್ನೂರು ರೂಪಾಯಿಗೆ ಲಕ್ಷ ಜನರಿಗೆ 24 ಕೋಟಿ, ಅದನ್ನು 35.98ರಿಂದ ಗುಣಿಸಿದರೆ ಸರಿಯಾಗಿ 863.52. ಅದೇ ದಿನ ವಿಧವಾ ವೇತನವನ್ನು 600ರಿಂದ 800ಕ್ಕೆ ಏರಿಸಿದಾಗ ಹೇಳಿದ 17.25 ಲಕ್ಷ ಫಲಾನುಭವಿಗಳು ಮತ್ತು 414 ಕೋಟಿಯ ಲೆಕ್ಕವೂ ಹೀಗೆಯೇ ಕೂಡಿಬರುತ್ತದೆ.

ಈಗ ತಿರುವುಮುರುವು ಮಾಡಿ ನೋಡೋಣ. 2025–26ರಲ್ಲಿ ಗೃಹಲಕ್ಷ್ಮಿಗೆ ಮೀಸಲಿಟ್ಟದ್ದು 28,608 ಕೋಟಿ. ಒಬ್ಬ ಮಹಿಳೆಗೆ ತಿಂಗಳಿಗೆ 2,000, ವರ್ಷಕ್ಕೆ 24,000. ಭಾಗಿಸಿದರೆ 1 ಕೋಟಿ 19 ಲಕ್ಷ 20 ಸಾವಿರ ಮಹಿಳೆಯರಿಗೆ ಹನ್ನೆರಡು ಕಂತು ಕೊಡಲು ಸಾಕಾಗುವ ಮೊತ್ತ ಎಂದು ತಿಳಿಯುತ್ತದೆ. ಸರ್ಕಾರ ಹೇಳುವ ಫಲಾನುಭವಿಗಳ ಸಂಖ್ಯೆ ಇದಕ್ಕಿಂತ ದೊಡ್ಡದಾಗಿದ್ದರೆ, ಹಣ ಎಲ್ಲಿಂದ ಬರುತ್ತದೆ ಅಥವಾ ಯಾವ ಕಂತು ತಪ್ಪುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. 2025ರ ಮಾರ್ಚ್ 7ರಂದು ಮಂಡನೆಯಾದ ಬಜೆಟ್‌ನ ಒಟ್ಟು ಗಾತ್ರ 4,09,549 ಕೋಟಿ, ಐದು ಗ್ಯಾರಂಟಿಗಳಿಗೆ 51,034 ಕೋಟಿ. ಅಂದರೆ ಸುಮಾರು ಶೇ 12.5. ಒಟ್ಟು ಗಾತ್ರದಲ್ಲಿ ಬಂಡವಾಳ ವೆಚ್ಚವೂ ಸಾಲ ಮರುಪಾವತಿಯೂ ಸೇರಿರುವುದರಿಂದ, ಅದರ ಬದಲು 3,11,739 ಕೋಟಿಯ ರಾಜಸ್ವ ವೆಚ್ಚದಿಂದ ಭಾಗಿಸಿದರೆ ಅದೇ ಹಣ ಶೇ 16ಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ. ಎರಡೂ ಸುಳ್ಳಲ್ಲ. ಯೋಜನೆಯನ್ನು ಸಮರ್ಥಿಸುವವರು ಮೊದಲನೆಯದನ್ನೂ ವಿರೋಧಿಸುವವರು ಎರಡನೆಯದನ್ನೂ ಎತ್ತಿಕೊಳ್ಳುವುದು ಸಹಜ. ಓದುಗರು ಛೇದವನ್ನು, ಅಂದರೆ ಯಾವ ಮೊತ್ತದಿಂದ ಭಾಗಿಸಿದ್ದು ಎಂಬುದನ್ನು ಕೇಳಬೇಕು.

ಆ ವರ್ಷ ರಾಜಸ್ವ ಕೊರತೆ 19,262 ಕೋಟಿ ಎಂದು ಅಂದಾಜಿಸಲಾಗಿತ್ತು, ಅಂದರೆ ದಿನನಿತ್ಯದ ಖರ್ಚಿನ ಒಂದು ಪಾಲಿಗೂ ಸಾಲ ಬೇಕು. ವಿತ್ತೀಯ ಕೊರತೆ (ಆ ವರ್ಷ ಒಟ್ಟಾರೆ ಬೇಕಾಗುವ ನಿವ್ವಳ ಸಾಲ) ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 2.95, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಎಲ್ಲ ಸಾಲದ ಮೊತ್ತ) ಶೇ 24.91. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿಗಳು ಕ್ರಮವಾಗಿ ಶೇ 3 ಮತ್ತು ಶೇ 25. ಗಡಿಗೆ ಇಷ್ಟು ಹತ್ತಿರ ಬಂದಿರುವುದನ್ನು ಕಲ್ಯಾಣ ಯೋಜನೆಗಳ ಪರವಾಗಿರುವ ನನ್ನಂಥವರೂ ಕಣ್ಣುಬಿಟ್ಟು ನೋಡಬೇಕು.

ಆರನೆಯ ಹೆಜ್ಜೆ: ಕೇಂದ್ರದ ಪಾಲು, ಬೆಲೆಯ ಪಾಲು

1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಅಡಿ 60ರಿಂದ 79 ವರ್ಷದ ಬಡ ವೃದ್ಧರಿಗೆ ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಸಂಧ್ಯಾ ಸುರಕ್ಷಾ ಪೂರ್ತಿ ರಾಜ್ಯದ್ದೇ. ಆ 200 ರೂಪಾಯಿ 2006ರಿಂದ ಕದಲಿಲ್ಲ. 2025–26ರಲ್ಲಿ 50.65 ಲಕ್ಷ ಕೋಟಿಯ ಕೇಂದ್ರ ಬಜೆಟ್‌ನಲ್ಲಿ ಈ ಇಡೀ ಕಾರ್ಯಕ್ರಮಕ್ಕೆ ಸಿಕ್ಕಿದ್ದು 9,652 ಕೋಟಿ.

ಶಿಕ್ಷಕಿಯ ಪಿಂಚಣಿಗೆ ತುಟ್ಟಿಭತ್ಯೆಯ ರಕ್ಷಣೆಯಿದೆ, ಅಜ್ಜಿಯ ಪಿಂಚಣಿಗೆ ಅಂಥದ್ದೇನೂ ಇಲ್ಲ. ಬೇಳೆ, ಎಣ್ಣೆ, ಗುಳಿಗೆಗಳ ಬೆಲೆ ಇಬ್ಬರಿಗೂ ಒಂದೇ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತವೆ ಎಂದು ಇಟ್ಟುಕೊಂಡರೆ, 1,200 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ನಾಲ್ಕು ವರ್ಷಗಳ ಬಳಿಕ ಸುಮಾರು 1,458 ಬೇಕು. ಆ 258 ರೂಪಾಯಿ ವ್ಯತ್ಯಾಸವನ್ನು 2021ರ 35.98 ಲಕ್ಷ ಫಲಾನುಭವಿಗಳಿಗೆ ತುಂಬಿಕೊಡಲು ವರ್ಷಕ್ಕೆ ಸುಮಾರು 1,114 ಕೋಟಿ ತಗಲುತ್ತದೆ. ಅದು 2025–26ರ ಬಜೆಟ್ ಗಾತ್ರದ ಶೇ 0.27. ಇದು ನನ್ನ ಲೆಕ್ಕ, ಸರ್ಕಾರದ್ದಲ್ಲ; ಬೇರೆ ಬೆಲೆ ಏರಿಕೆ ದರ, ಬೇರೆ ಸಂಖ್ಯೆ ಹಾಕಿ ನೀವೂ ಮಾಡಿ ನೋಡಬಹುದು. ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸಬೇಕು ಎಂದು ಶಾಸಕರನ್ನು ಕೇಳುವಾಗ ಇಂಥ ಲೆಕ್ಕ ಕೈಯಲ್ಲಿದ್ದರೆ ‘ಹಣ ಎಲ್ಲಿದೆ’ ಎಂಬ ಮಾತಿಗೆ ಉತ್ತರ ಕೊಡುವುದು ಸುಲಭ.

ಕೊನೆಯ ಹೆಜ್ಜೆ: ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿ ಪಡೆಯಿರಿ

ಬಜೆಟ್ ಸಂಪುಟದಲ್ಲಿ ಮೊತ್ತ ಸಿಗುತ್ತದೆ, ಬಾಕಿ ಕಂತುಗಳು ಸಿಗುವುದಿಲ್ಲ. ಸರ್ಕಾರಗಳ ಲೆಕ್ಕ ತಪಾಸಣೆ ಮಾಡುವ ಸಾಂವಿಧಾನಿಕ ಸಂಸ್ಥೆಯಾದ ಸಿಎಜಿ ಪ್ರತಿ ವರ್ಷ ಪ್ರಕಟಿಸುವ ರಾಜ್ಯದ ಹಣಕಾಸು ಲೆಕ್ಕಗಳು ಮತ್ತು ಧನವಿನಿಯೋಗ ಲೆಕ್ಕಗಳಲ್ಲಿ ಶಾಸನಸಭೆ ಒಪ್ಪಿದ ಮೊತ್ತವೆಷ್ಟು, ಖರ್ಚಾದದ್ದೆಷ್ಟು ಎಂಬುದು ಕಾಣುತ್ತದೆ. ತಾಲ್ಲೂಕು ಮಟ್ಟದ ವಿವರ ಬೇಕಾದರೆ ಮಾಹಿತಿ ಹಕ್ಕು ಅರ್ಜಿಯೇ ದಾರಿ. ರಾಜ್ಯದ ನಿಯಮದಂತೆ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. ಬಾರದಿದ್ದರೆ ಆ ಬಳಿಕದ 30 ದಿನಗಳೊಳಗೆ ಮೊದಲ ಮೇಲ್ಮನವಿ.

ಅರ್ಜಿಯನ್ನು ಬೆಂಗಳೂರಿನ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಬರೆಯಿರಿ. ‘ಏಕೆ’ ಎಂದು ಕೇಳಬೇಡಿ. ಕಡತದಲ್ಲಿರುವ ದಾಖಲೆಯನ್ನು ಮಾತ್ರ ಕೇಳಿ. ನಾನು ಬಳಸಿದ ಒಕ್ಕಣೆ ಹೀಗಿದೆ: ‘ಬೆಂಗಳೂರು ಉತ್ತರ ತಾಲ್ಲೂಕಿನಲ್ಲಿ ಕಳೆದ ಆರ್ಥಿಕ ವರ್ಷದ ಪ್ರತಿ ತಿಂಗಳು ಸಂಧ್ಯಾ ಸುರಕ್ಷಾ ಯೋಜನೆಯಡಿ ಪಿಂಚಣಿ ಪಾವತಿಯಾದ ಫಲಾನುಭವಿಗಳ ಸಂಖ್ಯೆ, ಪಾವತಿಯಾದ ಮೊತ್ತ, ಪಾವತಿಯ ದಿನಾಂಕ, ಅದೇ ತಿಂಗಳು ಪಿಂಚಣಿ ಸ್ಥಗಿತಗೊಳಿಸಲಾದವರ ಸಂಖ್ಯೆ ಮತ್ತು ಕಡತದಲ್ಲಿ ನಮೂದಿಸಿರುವ ಕಾರಣ, ಇವುಗಳ ದೃಢೀಕೃತ ಪ್ರತಿಯನ್ನು ಒದಗಿಸಬೇಕಾಗಿ ಕೋರುತ್ತೇನೆ.’